ಏಳನೇ ಅಧ್ಯಾಯದ ಆಧಾರ

ಮೂರನೇ ಸಲ ಕೇಳಿದಾಗಲೂ ಅದು ತಂಗಿಯ ಧ್ವನಿಯೇ ಆಗಿತ್ತು. ಅಕ್ಕ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದು, ಕಂಪ್ಯೂಟರಿನ ಪರದೆಯ ಮೇಲಿದ್ದ ಸಂಖ್ಯೆಯನ್ನು ಮತ್ತೆ ನೋಡಿದಳು. ಇಪ್ಪತ್ತಾರು. ಮನೆಮನೆಗೆ ಹೋಗಿ ಮುದುಕರನ್ನೂ ರೋಗಿಗಳನ್ನೂ ನೋಡಿಕೊಳ್ಳುವ ಆರೈಕೆದಾರರಲ್ಲಿ ತಂಗಿಯ ಸಂಖ್ಯೆ ಹದಿನೇಳು. ಇಪ್ಪತ್ತಾರು ಬೇರೆ ಯಾರದೋ. ಆದರೂ ಇಪ್ಪತ್ತಾರರ ಬಾಯಲ್ಲಿ ತಂಗಿ ಮಾತಾಡುತ್ತಿದ್ದಳು: "ಹೂಂ, ತಾತನ ಸ್ನಾನ ಆಯ್ತು. ಸೂಪು ಅರ್ಧ ಬಟ್ಟಲು ಕುಡಿದ್ರು. ಎಡಗಾಲು ಸ್ವಲ್ಪ ಊದಿದೆ, ನಾಳೆ ನರ್ಸಮ್ಮ ಬಂದು ನೋಡ್ಲಿ. ಇವತ್ತು ಖುಷಿಯಾಗಿದ್ರು, ನನ್ನನ್ನೇ ಬೈದು ಬೈದು ನಕ್ಕರು."

ಇಪ್ಪತ್ತು ಸೆಕೆಂಡಿನ ಆ ಮಾತು ಅವಳ ಕಣ್ಣಿಗೆ, ಅಂದರೆ ಕಿವಿಗೆ, ಬಿದ್ದದ್ದು ಬೇರೆ ಕೆಲಸದ ನಡುವೆ. ಆರೋಗ್ಯ ಮತ್ತು ಸಾಮಾಜಿಕ ಆರೈಕೆಯ ರಾಷ್ಟ್ರೀಯ ಡಿಜಿಟಲ್ ಕಾರ್ಯತಂತ್ರವನ್ನು ಮಂತ್ರಿಗಳು ಬಿಡುಗಡೆ ಮಾಡುವ ದಿನ ಸಭಾಂಗಣದ ದೀಪ ಆರಿಸಿ ಒಬ್ಬ ಆರೈಕೆದಾರಳ ನಿಜವಾದ ದನಿಯನ್ನು ಎಲ್ಲರಿಗೂ ಕೇಳಿಸಬೇಕೆಂದು ಮುಖ್ಯಸ್ಥರಿಗೆ ಆಸೆ. "ಅಂಕಿಸಂಖ್ಯೆ ಕೇಳಿ ಯಾರಿಗೂ ಕಣ್ಣಲ್ಲಿ ನೀರು ಬರಲ್ಲಮ್ಮ, ಒಂದು ಒಳ್ಳೆ ದನಿ ಹುಡುಕಿ," ಎಂದು ಸಾವಿರಾರು ಧ್ವನಿಗಳ ರಾಶಿಯನ್ನು ಅವಳ ತಲೆಗೆ ಕಟ್ಟಿದ್ದರು. ಅವಳು ಹುಡುಕಿದಳು. ಸಿಕ್ಕಿತು. ನಿಜಕ್ಕೂ ಒಳ್ಳೆಯ ದನಿ.

ಕಚೇರಿಯಲ್ಲಿ ಕಾರ್ಯತಂತ್ರಕ್ಕೆ ‘ದೊಡ್ಡ ಪುಸ್ತಕ’ ಎಂದು ಹೆಸರು. ದೇಶದ ಆಸ್ಪತ್ರೆ, ಚಿಕಿತ್ಸಾಲಯ, ವೃದ್ಧಾಶ್ರಮ, ಮನೆ ಆರೈಕೆ, ಎಲ್ಲದರ ದಾಖಲೆಯನ್ನೂ ಒಂದೇ ಕಡೆ ತರುವುದು ಹೇಗೆ ಎಂದು ಹೇಳುವ ಹನ್ನೊಂದು ಅಧ್ಯಾಯದ ಪುಸ್ತಕ. ಎರಡು ವರ್ಷದಿಂದ ಬರೆದು, ಅಳಿಸಿ, ಬರೆದು ಈಗ ಮೂವತ್ತೊಂಬತ್ತನೇ ಕರಡಿಗೆ ಬಂದು ನಿಂತಿತ್ತು. ಮನೆ ಆರೈಕೆಯ ಏಳನೇ ಅಧ್ಯಾಯ ಅಕ್ಕನದು. ಅವಳು ಕರಡು ಬರೆಯುವುದರಲ್ಲಿ ಎಷ್ಟು ಗಟ್ಟಿಗಳೆಂದರೆ ಬೆನ್ನ ಹಿಂದೆ ಅವಳನ್ನು ‘ಕರಡಮ್ಮ’ ಎನ್ನುತ್ತಿದ್ದರು. ಅವಳಿಗೂ ಅದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಆ ಅಧ್ಯಾಯ ನಿಂತದ್ದು ಒಂದು ಪ್ರಯೋಗದ ಮೇಲೆ. ಹಳೆಯ ಗಿರಣಿ ಬಡಾವಣೆಯ ಆರೈಕೆದಾರರಿಗೆಲ್ಲ ಒಂದೊಂದು ಫೋನು ಕೊಟ್ಟಿದ್ದರು. ಯಾರ ಮನೆಗೆ ಯಾರು ಹತ್ತಿರವೋ ಲೆಕ್ಕ ಹಾಕಿ ಬೆಳಿಗ್ಗೆ ಫೋನೇ ಹೇಳುತ್ತದೆ, ಇವತ್ತು ಇಂಥಿಂಥ ಮನೆಗೆ ಹೋಗು ಎಂದು. ಹೋದದ್ದನ್ನೂ ಬಂದದ್ದನ್ನೂ ಅದೇ ಗುರುತು ಹಾಕಿಕೊಳ್ಳುತ್ತದೆ. ಹೊರಡುವ ಮುನ್ನ ಆರೈಕೆದಾರಳು ಏನೇನಾಯಿತೆಂದು ಫೋನಿಗೆ ನಾಲ್ಕು ಮಾತು ಹೇಳಬೇಕು. ಒಂದು ವರ್ಷ ಕಳೆದ ಮೇಲೆ ನೋಡಿದರೆ, ಫೋನು ಹೇಳಿದವಳೇ ಹೇಳಿದ ಮನೆಗೆ ಹೋದದ್ದು ನೂರಕ್ಕೆ ತೊಂಬತ್ತೇಳು ಸಲ. ಮುದುಕರು ಮನೆಯಲ್ಲಿ ಜಾರಿ ಬೀಳುವುದು ಮೂರನೇ ಒಂದು ಪಾಲು ಕಡಿಮೆ. ಇಡೀ ದೊಡ್ಡ ಪುಸ್ತಕದಲ್ಲಿ ಇಷ್ಟು ಸೊಗಸಾದ ಫಲಿತಾಂಶ ಇನ್ನೊಂದಿರಲಿಲ್ಲ. ಇದೇ ಕ್ರಮವನ್ನು ಮುಂದಿನ ವರ್ಷದಿಂದ ದೇಶಕ್ಕೆಲ್ಲ ತರುವುದೆಂದು ತೀರ್ಮಾನವಾಗಿತ್ತು.

ಅಕ್ಕ ಇನ್ನಷ್ಟು ಕೇಳಿದಳು. ಇಪ್ಪತ್ತಾರರಲ್ಲಿ ತಂಗಿ, ಹದಿನೇಳರಲ್ಲಿ ಯಾವಳೋ ಗಡಸು ಗಂಟಲಿನವಳು. ಹತ್ತೊಂಬತ್ತರಲ್ಲಿ ಒಂದು ದಿನ ಒಬ್ಬಳು, ಮಾರನೇ ದಿನ ಇನ್ನೊಬ್ಬಳು. ಯಂತ್ರ ಮಾತನ್ನು ಅಕ್ಷರಕ್ಕಿಳಿಸಿಕೊಂಡಿತ್ತೇ ಹೊರತು ಯಾರ ಮಾತೆಂದು ನೋಡಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಂಟು ಜನ ಸಿಕ್ಕರು. ಎಂಟು ಜನರೂ ಫೋನು ಅದಲುಬದಲು ಮಾಡಿಕೊಂಡು ತಿರುಗುತ್ತಿದ್ದರು. ತೊಂಬತ್ತೇಳು ಎಂಬುದು ಫೋನುಗಳ ವಿಧೇಯತೆ, ಹೆಂಗಸರದಲ್ಲ.

ಅಂಕಿ ಸುಳ್ಳಾದದ್ದಕ್ಕಿಂತ ದೊಡ್ಡ ತೊಂದರೆ ಬೇರೆಯೇ ಇತ್ತು. ಪ್ರಯೋಗದ ನಿಯಮಾವಳಿಯಲ್ಲಿ ಒಂದು ಸಾಲು ಹೀಗಿತ್ತು: ಸುಳ್ಳು ದಾಖಲೆ ಸೃಷ್ಟಿಸಿದ ಆರೈಕೆದಾರರನ್ನು ಅದೇ ದಿನ ಕೆಲಸದಿಂದ ತೆಗೆಯತಕ್ಕದ್ದು. ಆ ಸಾಲನ್ನು ಬರೆದವಳು ಅವಳೇ. ‘ಅದೇ ದಿನ’ ಎಂಬುದನ್ನು ಸೇರಿಸಿದ್ದಕ್ಕೆ ಮುಖ್ಯಸ್ಥರು ತಲೆದೂಗಿ, ಇದು ನೋಡಿ ಬಿಗಿ ಅಂದರೆ, ಎಂದಿದ್ದರು. ತಂಗಿಯ ಗಂಡ ಕೆಲಸ ಮಾಡುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಅವರ ಮನೆ ನಡೆಯುತ್ತಿದ್ದುದು ಈ ಕೆಲಸದಿಂದ.

"ಸಿಕ್ತಾ ಮೇಡಂ ದನಿ?" ಎಂದು ಪಕ್ಕದ ಮೇಜಿನ ಅಂಕಿಯವನು ಕುರ್ಚಿ ತಿರುಗಿಸಿ ಕೇಳಿದ. ಫಲಿತಾಂಶದ ಕೋಷ್ಟಕಗಳನ್ನೆಲ್ಲ ಮಾಡಿದವನು ಅವನು.

"ಇಲ್ಲಪ್ಪ, ಇನ್ನೂ ಕೇಳ್ತಾ ಇದ್ದೀನಿ," ಎಂದು ಅಕ್ಕ ಹೆಡ್‌ಫೋನು ತೆಗೆದಿಟ್ಟಳು.

ಮಾರನೇ ಬೆಳಿಗ್ಗೆ ಅವಳು ಕಚೇರಿಗೆ ಹೋಗದೆ ಗಿರಣಿ ಬಡಾವಣೆಯ ಬಸ್ಸು ಹತ್ತಿದಳು. ಏಳನೇ ಅಧ್ಯಾಯದಲ್ಲಿ ಆ ಬಡಾವಣೆಯ ಹೆಸರು ಅರವತ್ತು ಸಲ ಬರುತ್ತದೆ. ಅವಳು ಅಲ್ಲಿ ಇಳಿದದ್ದು ಬೆರಳಲ್ಲಿ ಎಣಿಸುವಷ್ಟು ಸಲ. ನಿಲ್ದಾಣದ ಎದುರು ಬದಿಯ ಔಷಧಿ ಅಂಗಡಿಯ ಮುಂದೆ ನಿಂತುಕೊಂಡಳು. ಅಂಗಡಿ ಇನ್ನೂ ತೆಗೆದಿರಲಿಲ್ಲ.

ಬಸ್‌ ತಂಗುದಾಣದ ಬೆಂಚಿನ ಮೇಲೆ ನೀಲಿ ಮೇಲಂಗಿಯ ಎಂಟು ಹೆಂಗಸರು ಕೂತೂ ನಿಂತೂ ಮಾತಾಡುತ್ತಿದ್ದರು. ನಡುವೆ ಒಂದು ಬ್ರೆಡ್ಡಿನ ಚೀಲ. ಅದರೊಳಗೆ ಎಲ್ಲರ ಫೋನುಗಳು. ಒಬ್ಬಳು ಒಂದೊಂದನ್ನೇ ತೆಗೆದು ಅದರಲ್ಲಿ ಬಂದ ಮನೆಗಳ ಪಟ್ಟಿ ಓದುತ್ತಿದ್ದಳು, ಉಳಿದವರು ಕೈ ಚಾಚುತ್ತಿದ್ದರು. "ಸೇತುವೆ ಪಕ್ಕದ ಅಜ್ಜಿ ಇವತ್ತು ನಂಗೆ ಕೊಡ್ರೇ, ಅವರ ಮಗ ಬಂದಿದ್ದಾನೆ, ಇವಳು ಹೋದ್ರೆ ಅವನ ಜೊತೆ ಜಗಳಾನೇ." "ಆ ಮೂಗಿ ಹುಡುಗಿ ಮನೆಗೆ ನೀನೇ ಹೋಗು, ನಿನ್ನ ಸನ್ನೆ ಅವಳಿಗೆ ಅರ್ಥ ಆಗತ್ತೆ." ಐದು ನಿಮಿಷದಲ್ಲಿ ಚೀಲ ಖಾಲಿಯಾಯಿತು. ಯೋಜನಾ ಸಮಿತಿಯ ಸಭೆ ಒಂದು ಅಲ್ಪವಿರಾಮಕ್ಕೆ ಇದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿತ್ತು.

ತಂಗಿ ರಸ್ತೆ ದಾಟುವಾಗ ಅಕ್ಕನನ್ನು ಕಂಡಳು. ಮೊದಲು ಮುಖ ಅರಳಿತು, ಆಮೇಲೆ ತನ್ನ ಕೈಯಲ್ಲಿದ್ದ ಫೋನಿನ ಕಡೆ ನೋಡಿಕೊಂಡಳು.

"ಏನಕ್ಕಾ, ಯಾರಾದ್ರೂ ಹೋಗ್ಬಿಟ್ರಾ?"

"ಯಾರೂ ಹೋಗಿಲ್ಲ. ಆ ಫೋನು ಯಾರದು?"

"ನಂದೇ."

"ಇಪ್ಪತ್ತಾರು ನಿಂದಲ್ಲ ಕಣೇ. ನಾನು ಕೇಳಿಸ್ಕೊಂಡೆ. ನಿನ್ನೆ ಪೂರ್ತಿ ದಿನ ನಿನ್ನ ದನೀನೇ ಕೇಳಿದ್ದೀನಿ."

ತಂಗಿ ಫೋನನ್ನು ಮೇಲಂಗಿಯ ಜೇಬಿಗೆ ಹಾಕಿ ನಡೆದಳು. ಅಕ್ಕ ಜೊತೆಗೆ ನಡೆದಳು. ಸ್ವಲ್ಪ ದೂರ ಹೋದ ಮೇಲೆ ತಂಗಿಯೇ ಬಾಯಿಬಿಟ್ಟಳು. ಫೋನು ಅವಳಿಗೆ ಕೊಟ್ಟದ್ದು ಮೂರನೇ ಮಹಡಿಯ ಅಜ್ಜಿಯನ್ನು. ಅಜ್ಜಿಯ ಭಾರ ತಂಗಿಯ ಭಾರದ ಎರಡರಷ್ಟು. ಎತ್ತಿ ಕೂರಿಸಲು ಹೋಗಿ ಮೊದಲ ವಾರವೇ ಇಬ್ಬರೂ ನೆಲಕ್ಕೆ ಬಿದ್ದರು. ಅಜ್ಜಿಗೆ ಮೊಣಕೈ, ಇವಳಿಗೆ ಸೊಂಟ. ಇಪ್ಪತ್ತಾರು ಸಂಖ್ಯೆಯವಳನ್ನು ಎಲ್ಲರೂ ‘ಪೈಲ್ವಾನ್’ ಎನ್ನುತ್ತಾರೆ. ಅವಳು ಅಜ್ಜಿಯನ್ನು ಮಗುವಿನ ಹಾಗೆ ಎತ್ತುತ್ತಾಳೆ. ಆದರೆ ಫೋನು ಅವಳಿಗೆ ಕೊಟ್ಟದ್ದು ದರ್ಜಿ ತಾತನನ್ನು. ಸ್ನಾನಕ್ಕೆಂದು ಪೈಲ್ವಾನ್ ಅಂಗಿಗೆ ಕೈ ಹಾಕಿದ ಕೂಡಲೇ ನೆನಪು ತಪ್ಪಿದ ಆ ತಾತ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದರು.

"ಅವರು ನನ್ನ ಕೈಯಲ್ಲಿ ಮಾತ್ರ ಸ್ನಾನ ಮಾಡಿಸ್ಕೊಳ್ತಾರೆ," ಎಂದಳು ತಂಗಿ. ಹೇಳುವಾಗ ಸ್ವಲ್ಪ ಜಂಬವೂ ಇತ್ತು.

"ಮೇಲಿನವರಿಗೆ ಹೇಳ್ಬಹುದಿತ್ತಲ್ಲ?"

"ಹೇಳಿದ್ವಿ. ನಿಮ್ಮ ಸಲಹೆಯನ್ನ ಸ್ವೀಕರಿಸಲಾಗಿದೆ ಅಂತ ಫೋನಲ್ಲಿ ಬಂತು. ಅಷ್ಟೆ. ನಿಮ್ಮ ಯಂತ್ರಕ್ಕೆ ದಾರಿ ಎಷ್ಟು ದೂರ ಅಂತ ಗೊತ್ತು ಅಕ್ಕಾ, ಮನೆ ಒಳಗೆ ಯಾರಿದ್ದಾರೆ ಅಂತ ಗೊತ್ತಿಲ್ಲ. ಆಮೇಲೆ ನಾವೇ ಶುರು ಮಾಡ್ಕೊಂಡ್ವಿ. ಆವಾಗಿಂದ ಯಾರಾದ್ರೂ ಬಿದ್ರಾ ಹೇಳು ನೋಡೋಣ?"

ಯಾರೂ ಅಷ್ಟಾಗಿ ಬೀಳಲಿಲ್ಲ. ಅದು ಅಕ್ಕನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅದರ ಬಗ್ಗೆ ನಾಲ್ಕು ಪುಟ ಬರೆದಿದ್ದಳು. ಎಲ್ಲ ಯಂತ್ರದ ಪುಣ್ಯ ಎಂದು.

"ಮುಂದಿನ ವರ್ಷದಿಂದ ಹೊಸ ಫೋನು," ಎಂದಳು ಅಕ್ಕ. "ಮುಖ ತೋರಿಸಿದ್ರೆ ಮಾತ್ರ ತೆರ್ಕೊಳ್ಳತ್ತೆ. ಪ್ರತಿ ಮನೆ ಬಾಗಿಲಲ್ಲೂ ಅವರವರೇ ಮುಖ ತೋರಿಸ್ಬೇಕು. ಇಲ್ಲಿ ಮಾತ್ರ ಅಲ್ಲ, ದೇಶದಲ್ಲೆಲ್ಲ."

ತಂಗಿ ನಿಂತಳು. "ಹಾಗಾದ್ರೆ ತಾತನ್ನ ಯಾರು ನೋಡ್ತಾರೆ?"

"ಅದಕ್ಕೇ ಬಂದಿದ್ದು. ನೀವು ಮಾಡ್ತಿರೋದನ್ನ ಪುಸ್ತಕದಲ್ಲಿ ಬರೀಬೇಕು. ಬರೆದ್ರೆ ಉಳಿಯತ್ತೆ."

"ಬರೆದ್ರೆ ನಾವು ಎಂಟು ಜನ ಉಳೀತೀವಾ?" ತಂಗಿಯ ದನಿ ಗಟ್ಟಿಯಾಯಿತು. "ಸುಳ್ಳು ದಾಖಲೆ ಅಂತ ಒಂದು ನಿಯಮ ಇದೆ. ಫೋನು ಕೊಟ್ಟ ದಿನ ನಮ್ಮ ಕೈಲಿ ಮೂರು ಸಲ ಓದಿಸಿದ್ರು. ಯಾವ ಪುಣ್ಯಾತ್ಮ ಬರೆದನೋ."

ಬರೆದವಳು ತಾನೇ ಎಂದು ಅಕ್ಕ ಹೇಳಲಿಲ್ಲ. ಅಮ್ಮ ಹಾಸಿಗೆ ಹಿಡಿದ ಮೂರು ವರ್ಷವೂ ಅವಳು ಹೀಗೆಯೇ ಏನೂ ಹೇಳದೆ ಭಾನುವಾರಗಳಂದು ಹಣ್ಣಿನ ಚೀಲ ಹಿಡಿದು ಬಂದು ಹೋಗುತ್ತಿದ್ದಳು. ಅಮ್ಮನ ಬೆನ್ನು ಒರೆಸುತ್ತಿದ್ದವಳು ತಂಗಿ. ಆಗ ಅಕ್ಕ ವೃದ್ಧರ ಆರೈಕೆಯ ಮೇಲೆ ಒಂದು ವರದಿ ಬರೆಯುತ್ತಿದ್ದಳು, ಅದಕ್ಕೆ ಬಹಳ ಹೊಗಳಿಕೆ ಬಂದಿತ್ತು. ನಾಚಿಕೆ ಆಗಿನಿಂದಲೂ ಅವಳೊಳಗೆ ಇತ್ತು. ಅದನ್ನು ಯಾರ ಮುಂದೆಯೂ ತೋಡಿಕೊಂಡಿರಲಿಲ್ಲ.

"ನಿಮ್ಮ ಯಾರ ಹೆಸರೂ ನನ್ನ ಬಾಯಿಂದ ಬರಲ್ಲ," ಎಂದಳು.

"ಅಮ್ಮನಾಣೆ?"

"ಬರಲ್ಲ ಅಂದ್ನಲ್ಲ."

ತಂಗಿ ಅವಳನ್ನು ಒಂದು ಗಳಿಗೆ ನೋಡಿ, ತಡವಾಯ್ತು, ತಾತ ಕಾಯ್ತಿರ್ತಾರೆ, ಎಂದು ಓಣಿಯೊಳಕ್ಕೆ ತಿರುಗಿದಳು.

ಅಕ್ಕ ಕಚೇರಿಗೆ ಬಂದು ಏಳನೇ ಅಧ್ಯಾಯಕ್ಕೆ ಒಂದು ಕಲಂ ಸೇರಿಸಿದಳು. ‘ಯಾರು ಯಾರ ಮನೆಗೆ ಹೋಗಬೇಕೆಂಬುದನ್ನು ಆಯಾ ಬಡಾವಣೆಯ ಆರೈಕೆದಾರರು ಪ್ರತಿದಿನ ಬೆಳಿಗ್ಗೆ ತಮ್ಮತಮ್ಮಲ್ಲೇ ಮಾತಾಡಿ ಬದಲಿಸಿಕೊಳ್ಳಬಹುದು. ಯಂತ್ರವು ಆ ಬದಲಾವಣೆಯನ್ನು ದಾಖಲಿಸತಕ್ಕದ್ದು, ತಡೆಯತಕ್ಕದ್ದಲ್ಲ.’ ಎರಡು ವಾಕ್ಯ. ಎರಡು ವರ್ಷದಲ್ಲಿ ಅವಳು ಬರೆದದ್ದರಲ್ಲಿ ಯಾರ ತಿದ್ದುಪಡಿಯೂ ಇಲ್ಲದೆ ನೇರ ಮನಸ್ಸಿನಿಂದ ಬಂದ ವಾಕ್ಯಗಳು ಇವೆರಡೇ ಇರಬೇಕು.

ಕೊನೆಯ ಸಭೆ ಗುರುವಾರ. ಉದ್ದನೆಯ ಮೇಜು, ತಟ್ಟೆಯಲ್ಲಿ ಬಿಸ್ಕತ್ತು, ಗೋಡೆಗೆ ಹೊಳೆಯುವ ಅಕ್ಷರಗಳು. ಮುಖ್ಯಸ್ಥರು ಒಂದು ತುದಿಗೆ, ಫೋನು ಮತ್ತು ಯಂತ್ರ ಒದಗಿಸುವ ಕಂಪನಿಯ ಮನುಷ್ಯ ಇನ್ನೊಂದು ತುದಿಗೆ. ನಡುವೆ ಅಂಕಿಯವನು, ಅಕ್ಕ ಮತ್ತು ಆಸ್ಪತ್ರೆಗಳ ಪರವಾಗಿ ಬಂದಿದ್ದ ಒಬ್ಬ ಹಿರಿಯ ಡಾಕ್ಟರು. ಡಾಕ್ಟರಿಗೆ ಹಿಂದಿನ ರಾತ್ರಿ ಪಾಳಿ ಇತ್ತಂತೆ, ಆರನೇ ಅಧ್ಯಾಯದ ತನಕ ಕೂತಲ್ಲೇ ತೂಕಡಿಸಿದರು. ಯಾರೂ ಎಬ್ಬಿಸಲಿಲ್ಲ.

ಏಳು ಬಂದಾಗ ಕಂಪನಿಯವನು ಕನ್ನಡಕ ಮೇಲೇರಿಸಿಕೊಂಡ. "ಈ ಏಳು ಪಾಯಿಂಟ್ ನಾಲ್ಕು ಹಿಂದಿನ ಕರಡಿನಲ್ಲಿ ಇರಲಿಲ್ಲ."

"ಈಗ ಸೇರಿಸಿದ್ದು," ಎಂದಳು ಅಕ್ಕ.

"ಯಂತ್ರ ಹೇಳಿದ ಹಾಗೆ ಹೋಗಿದ್ದರಿಂದಲೇ ಬೀಳೋದು ಕಮ್ಮಿ ಆಗಿದೆ ಅಂತ ಮೇಲಿನ ಪುಟದಲ್ಲಿ ನೀವೇ ಬರೆದಿದ್ದೀರಿ. ಕೆಳಗೆ, ಯಂತ್ರದ ಮಾತು ಕೇಳಬೇಕಾಗಿಲ್ಲ ಅಂತೀರಿ. ಇದಕ್ಕೆ ಆಧಾರ ಏನು ಮೇಡಂ?"

"ಅನುಭವ."

"ಯಾರ ಅನುಭವ?"

ಮುಖ್ಯಸ್ಥರು ಪೆನ್ನು ಕೆಳಗಿಟ್ಟರು. ಒಳ್ಳೆಯ ಮನುಷ್ಯರೇ, ಎರಡು ವರ್ಷ ಈ ಪುಸ್ತಕದ ಹಿಂದೆ ಬಿದ್ದು ಕೂದಲು ನರೆತಿತ್ತು. "ಆಧಾರ ಇಲ್ಲದೆ ಒಂದು ಸಾಲೂ ಬೇಡ ಅಂತ ಮೊದಲನೇ ದಿನ ಹೇಳಿದೋರು ನೀವೇ ಅಲ್ವಾ ಅಮ್ಮ? ಇಲ್ಲಾಂದ್ರೆ ತೆಗೆದುಬಿಡೋಣ. ಮುಂದೆ ಹೋಗೋಣ."

ಅಂಕಿಯವನ ಬೆರಳು ಆಗಲೇ ಅಳಿಸುವ ಗುಂಡಿಯ ಮೇಲಿತ್ತು. ಗೋಡೆಯ ಮೇಲೆ ಎರಡು ವಾಕ್ಯಗಳು ನೀಲಿ ಬಣ್ಣಕ್ಕೆ ತಿರುಗಿದವು. ಇನ್ನೊಂದು ಗಳಿಗೆಗೆ ಅವು ಇರುವುದಿಲ್ಲ. ಮುಂದಿನ ವರ್ಷ ದೇಶದ ಸಾವಿರಾರು ಬಾಗಿಲುಗಳ ಮುಂದೆ ಹೆಂಗಸರು ತಮ್ಮತಮ್ಮ ಮುಖ ತೋರಿಸಿ, ತಮ್ಮಿಂದ ಎತ್ತಲಾಗದವರನ್ನು ಎತ್ತಲು ಒಳಗೆ ಹೋಗುತ್ತಾರೆ.

"ನನ್ನ ತಂಗಿ," ಎಂದಳು ಅಕ್ಕ.

ಡಾಕ್ಟರು ಕಣ್ಣು ಬಿಟ್ಟರು.

ಅವಳು ಹೇಳಿದಳು. ಕರಡು ಓದುವ ದನಿಯಲ್ಲಿಯೇ, ತಡವರಿಸದೆ. ಪ್ರಯೋಗದಲ್ಲಿ ಹದಿನೇಳನೇ ಸಂಖ್ಯೆಯವಳು ತನ್ನ ತಂಗಿ. ಅವಳು ಬೇರೆಯವರ ಫೋನು ಹಿಡಿದು ತನಗೆ ಕೊಡದ ಮನೆಗೆ ಹೋಗುತ್ತಿದ್ದಳು. ತೊಂಬತ್ತೇಳು ಎಂಬ ಅಂಕಿ ಸುಳ್ಳು. ಬೀಳುವುದು ಕಡಿಮೆಯಾದದ್ದು ಮಾತ್ರ ನಿಜ, ಆದರೆ ಅದು ಯಂತ್ರದಿಂದಲ್ಲ. ಅಂಕಿಯವನ ಬಾಯಿ ತೆರೆದೇ ಇತ್ತು.

ಕಂಪನಿಯವನು ಮೊದಲು ಚೇತರಿಸಿಕೊಂಡ. "ಒಬ್ಬಳೇ ಅದಲುಬದಲು ಮಾಡ್ಕೊಳ್ಳೋಕೆ ಆಗಲ್ಲವಲ್ಲ? ಇನ್ನೊಬ್ಬಳು ಇರಲೇಬೇಕು. ಎಷ್ಟು ಜನ ಇದ್ದಾರೋ ಏನೋ. ಧ್ವನಿಗಳೆಲ್ಲ ನಮ್ಮ ಹತ್ತಿರ ಇವೆ ಸರ್. ಯಾವ ದನಿ ಯಾರದು ಅಂತ ತಾಳೆ ನೋಡೋಕೆ ಒಂದು ಗಂಟೆ ಸಾಕು."

"ಮಾಡಿಸೋಣ್ವಾ?" ಎಂದು ಅಂಕಿಯವನು ಮುಖ್ಯಸ್ಥರನ್ನು ನೋಡಿದ.

ಮುಖ್ಯಸ್ಥರು ಬಿಸ್ಕತ್ತಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಗ ಡಾಕ್ಟರು, ಆ ದಿನ ಮೊಟ್ಟಮೊದಲ ಸಲ, ಮಾತಾಡಿದರು. "ನನ್ನ ವಾರ್ಡಿನಲ್ಲೂ ನರ್ಸುಗಳು ಹೀಗೇ ಬದಲಾಯಿಸ್ಕೊಳ್ತಾರೆ. ನಾನು ನೋಡೂ ನೋಡದ ಹಾಗೆ ಇರ್ತೀನಿ. ಕಲಂ ಇರ್ಲಿ ಸರ್."

"ಕಲಂ ಇರಲಿ," ಎಂದರು ಮುಖ್ಯಸ್ಥರು. "ತೊಂಬತ್ತೇಳು ತೆಗೀರಿ. ಧ್ವನಿ ತಾಳೆ ಏನೂ ಬೇಡ. ಒಂದು ಹೆಸರು ಗೊತ್ತಾಗಿದೆ. ಶಿಸ್ತು ಅಂತ ತೋರಿಸೋಕೆ ಒಂದು ಹೆಸರು ಸಾಕು." ಆಮೇಲೆ ಅಕ್ಕನ ಕಡೆ ತಿರುಗಿ, ಮುಖ ನೋಡದೆ, "ಗೊತ್ತಾದ ಮೇಲೆ ಗೊತ್ತಿಲ್ಲ ಅಂತ ಬರೆಯೋಕೆ ನನ್ನಿಂದ ಆಗಲ್ಲಮ್ಮ. ನಿಯಮ ನಿಮಗೇ ಗೊತ್ತಿದೆ," ಎಂದರು.

ಅವಳಿಗೆ ಗೊತ್ತಿತ್ತು. ಕಲಂ ಉಳಿಸಲು, ಉಳಿದ ಏಳು ಜನರ ಹೆಸರು ಬಚ್ಚಿಟ್ಟು, ಒಬ್ಬಳನ್ನು ಕೊಟ್ಟಿದ್ದಳು. ಕೊಡಲು ತನಗೆ ಹಕ್ಕಿರುವುದು ಸ್ವಂತ ತಂಗಿಯ ಮೇಲೆ ಮಾತ್ರ ಎಂದು ಆ ಗಳಿಗೆಯಲ್ಲಿ ಅವಳಿಗೆ ಅನ್ನಿಸಿತ್ತು. ಮೆಟ್ಟಿಲಿಳಿದು ಬರುವಷ್ಟರಲ್ಲಿ, ಆ ಹಕ್ಕನ್ನೂ ತನಗೆ ಯಾರೂ ಕೊಟ್ಟಿರಲಿಲ್ಲ ಎನ್ನುವುದು ಹೊಳೆಯಿತು. ಏಳನೇ ಅಧ್ಯಾಯವನ್ನು ಅಂದೇ ಅಂಕಿಯವನಿಗೆ ವಹಿಸಿದರು, ಸ್ವಂತದವರು ಇರುವ ಕಡೆ ಅವಳು ಇರುವಂತಿಲ್ಲ ಎಂದು. ತಂಗಿಯ ಫೋನಿಗೆ ಅದೇ ದಿನ, ನಿಯಮದಲ್ಲಿದ್ದಂತೆಯೇ, ಸಂದೇಶ ಹೋಯಿತು.

ಅಕ್ಕ ಆ ಸಂಜೆ ನಾಲ್ಕು ಸಲ ಫೋನು ಮಾಡಿದಳು. ಶುಕ್ರವಾರ ಬೆಳಿಗ್ಗೆ ಮಾಡಿದಳು. ಒಮ್ಮೆ ತಂಗಿಯ ಗಂಡ ಎತ್ತಿಕೊಂಡು, "ಅವಳು ಮಲಗಿದ್ದಾಳೆ," ಎಂದರು. ಅವರ ಹಿಂದೆ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

ಸೋಮವಾರ ತಂಗಿಯೇ ಫೋನು ಮಾಡಿದಳು.

"ನೀನು ಏನೂ ಮಾತಾಡ್ಬೇಡ. ನಾನು ಹೇಳೋದನ್ನ ಕೇಳು ಅಷ್ಟೆ."

"ಹೂಂ."

"ತಾತ ಗುರುವಾರದಿಂದ ಸ್ನಾನ ಮಾಡಿಲ್ಲ. ನನ್ನ ಒಳಗೆ ಬಿಡಬಾರದು ಅಂತ ಅವರ ಮಗಳಿಗೆ ಕಾಗದ ಬಂದಿದೆ. ನಾನು ಆ ಓಣೀಲಿ ಕಾಣಿಸ್ಕೊಂಡ್ರೆ ಉಳಿದೋರ ಮೇಲೂ ಅನುಮಾನ ಬರತ್ತೆ. ಈಗ ಎಲ್ಲರೂ ಹೆದರಿ ಅವರವರ ಫೋನು ಅವರವರೇ ಇಟ್ಕೊಂಡಿದ್ದಾರೆ. ಪೈಲ್ವಾನ್ ಹೋದ್ರೆ ತಾತ ಚೊಂಬಲ್ಲಿ ಹೊಡೆದ್ರಂತೆ, ಹಣೆ ಊದಿದೆ. ನಿನ್ನ ಕಲಂ ಮುಂದಿನ ವರ್ಷ ಬರತ್ತೆ. ತಾತನಿಗೆ ಮೈ ಹುಣ್ಣಾಗೋದು ಈ ವಾರ." ಅವಳು ಉಸಿರೆಳೆದುಕೊಂಡಳು. "ನಿನ್ನ ಕೊರಳಲ್ಲಿ ಸರ್ಕಾರದ ಕಾರ್ಡು ಇದೆಯಲ್ಲ. ಯಾರ ಮನೆಗೆ ಹೋದ್ರೂ ಬಿಡ್ತಾರೆ. ನೀನು ಹೋಗು."

"ನಾನಾ? ನಾನು ಯಾವತ್ತೂ..."

"ಗೊತ್ತು. ಅಮ್ಮನಿಗೂ ನೀನು ಮಾಡಿಲ್ಲ. ಕೇಳಿಸ್ಕೋ. ಸ್ನಾನ ಅನ್ನೋ ಮಾತೇ ಎತ್ಬೇಡ. ಅಂಗಿಗೆ ಕೈ ಹಾಕ್ಬೇಡ. ಹೊಲಿಗೆ ಕಲೀಬೇಕು ತಾತ, ಅಳತೆ ತಗೊಳ್ಳೋದು ಹೇಳ್ಕೊಡಿ ಅನ್ನು. ಟೇಪು ಮಿಷನ್ನಿನ ಮೇಲೇ ಇರತ್ತೆ. ಎರಡು ಅಳತೆ ಆದ ಮೇಲೆ, ಅಂಗಿ ಮೇಲೆ ತಗೊಂಡ ಅಳತೆ ಅಳತೆನೇ ಅಲ್ಲ ಅಂತ ಬೈದು ಅವರೇ ಬಿಚ್ತಾರೆ. ಬಿಚ್ಚಿದ ಕೂಡಲೇ ಬಿಸಿನೀರಿನ ಬಟ್ಟೆ ಬೆನ್ನಿಗೆ ಇಡು. ಬೆನ್ನು ಬೆಚ್ಚಗಾದ್ರೆ ಆಮೇಲೆ ಮಗು ಹಾಗೆ ಬರ್ತಾರೆ." ಫೋನು ಇಟ್ಟಳು.

ಬಾಗಿಲು ತೆಗೆದವಳು ಪೈಲ್ವಾನ್. ನಿಜಕ್ಕೂ ಬಾಗಿಲು ತುಂಬುವ ಹೆಂಗಸು. ಹುಬ್ಬಿನ ಮೇಲೆ ನೀಲಿಗಟ್ಟಿದ ಊತ. ಅಕ್ಕನ ಕಾರ್ಡನ್ನು ನೋಡಿದಳು, ಆಮೇಲೆ ಮುಖ ನೋಡಿದಳು. ಅಕ್ಕತಂಗಿಯರ ಮೂಗು ಒಂದೇ ಥರ. ಏನೂ ಕೇಳದೆ ಬದಿಗೆ ಸರಿದು, "ನೀರು ಕಾಯಿಸಿಟ್ಟಿದ್ದೀನಿ," ಎಂದಳು. ಅಡುಗೆಮನೆಯಲ್ಲೇ ನಿಂತುಕೊಂಡಳು.

ಕೋಣೆಯಲ್ಲಿ ಮೂತ್ರದ ಮತ್ತು ಹಳೆ ಬೆವರಿನ ವಾಸನೆ ಗಟ್ಟಿಯಾಗಿತ್ತು. ಕಿಟಕಿಯ ಹತ್ತಿರ ಹೊಲಿಗೆಯಂತ್ರ, ಅದರ ಪಕ್ಕದ ಕುರ್ಚಿಯಲ್ಲಿ ತಾತ. ಕೃಶವಾದ ಮೈ, ಕೊರಳಿನ ಗುಂಡಿಯವರೆಗೆ ಹಾಕಿದ ಬಿಳಿ ಅಂಗಿ, ಅದರ ಮೇಲೆ ಮೂರ್ನಾಲ್ಕು ದಿನದ ಸೂಪಿನ ಕಲೆ. ಎರಡು ಕೈಯನ್ನೂ ಪಕ್ಕೆಗೆ ಬಿಗಿಯಾಗಿ ಒತ್ತಿಕೊಂಡು ಅವಳನ್ನು ನೋಡುತ್ತಿದ್ದರು.

"ಯಾರು?"

"ಹೊಲಿಗೆ ಕಲಿಯೋಕೆ ಬಂದಿದ್ದೀನಿ ತಾತ. ಅಳತೆ ತಗೊಳ್ಳೋದು ಹೇಳ್ಕೊಡ್ತೀರಾ?"

"ಈ ವಯಸ್ಸಿಗಾ?"

"ತಡವಾಯ್ತು," ಎಂದಳು ಅಕ್ಕ. ಅದು ಕಲಿತು ಬಂದ ಮಾತಾಗಿರಲಿಲ್ಲ.

ತಾತ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಟೇಪಿನ ಕಡೆ ಗದ್ದ ಎತ್ತಿ ತೋರಿಸಿದರು. ಅವಳು ಅದನ್ನು ತೆಗೆದುಕೊಂಡು ಮುಂದೆ ಬಂದಾಗ, "ಹಗ್ಗ ಹಿಡಿದ ಹಾಗೆ ಹಿಡೀಬೇಡ. ಎರಡು ಬೆರಳು. ಹಾಂ, ಹಾಗೆ," ಎಂದು ಕುರ್ಚಿಯಲ್ಲೇ ನೆಟ್ಟಗೆ ಕೂತರು. "ಮೊದಲು ಎದೆ. ಬಗ್ಗಬೇಡ, ಮಂಡಿ ಊರು. ಗಿರಾಕಿ ಮುಂದೆ ಮಂಡಿ ಊರೋಕೆ ನಾಚಿಕೆ ಪಡೋರು ಈ ಕೆಲಸಕ್ಕೆ ಬರಬಾರದು."

ಅಕ್ಕ ಮಂಡಿಯೂರಿದಳು. ತಾತ ಎರಡೂ ಕೈಗಳನ್ನು ನಿಧಾನವಾಗಿ ಮೇಲೆತ್ತಿದರು. ಕಂಕುಳ ವಾಸನೆ ಮುಖಕ್ಕೆ ಹೊಡೆಯಿತು. ಅವಳು ಮುಖ ತಿರುಗಿಸಲಿಲ್ಲ. ಟೇಪನ್ನು ಬೆನ್ನ ಹಿಂದಿನಿಂದ ತಂದು ಎದೆಯ ಮೇಲೆ ಕೂಡಿಸಿದಳು. ಬಟ್ಟೆಯೊಳಗೆ ಪಕ್ಕೆಲುಬುಗಳು ಒಂದೊಂದಾಗಿ ಕೈಗೆ ಸಿಗುತ್ತಿದ್ದವು.

"ಎಷ್ಟು?"

"ಮೂವತ್ತೊಂದು."

ತಾತನ ಕೈಗಳು ಥಟ್ಟನೆ ಕೆಳಗಿಳಿದವು. "ಯಾರ ಅಳತೆ ಹೇಳ್ತಿದ್ದೀಯ ನೀನು? ಮೂವತ್ತೊಂದಂತೆ! ನಲವತ್ತು ವರ್ಷದಿಂದ ನನ್ನ ಅಂಗಿ ನಾನೇ ಹೊಲ್ಕೊಂಡಿದ್ದೀನಿ. ಮೂವತ್ತೆಂಟು ಇದ್ದದ್ದು ಎಲ್ಲಿಗೆ ಹೋಗತ್ತೆ? ಕಳ್ಳತನ ಆಯ್ತಾ?" ಬಲಗೈ ಮಿಷನ್ನಿನ ಮೇಲೆ ಏನನ್ನೋ ತಡಕಾಡಿತು. ಅಲ್ಲಿ ಕತ್ತರಿ ಇತ್ತು. ಅಡುಗೆಮನೆಯ ಬಾಗಿಲಲ್ಲಿ ಪೈಲ್ವಾನ್ ಒಂದು ಹೆಜ್ಜೆ ಮುಂದಿಟ್ಟಳು.

"ತಾಳಿ ತಾತ, ಟೇಪು ಸರಿಯಾಗಿ ಹಿಡಿದಿರಲಿಲ್ಲ. ಇನ್ನೊಂದು ಸಲ," ಎಂದಳು ಅಕ್ಕ.

ಮುದುಕರು ಅನುಮಾನದಿಂದಲೇ ಕೈ ಎತ್ತಿದರು. ಪೂರ್ತಿ ಅಲ್ಲ, ಭುಜದವರೆಗೆ. ಅವಳು ಮತ್ತೆ ಟೇಪು ಸುತ್ತಿ, ಹೇಳಿಕೊಟ್ಟಂತೆ ಎರಡು ಬೆರಳಲ್ಲಿ ಹಿಡಿದು, ಕಣ್ಣಿನ ಹತ್ತಿರ ತಂದು ನೋಡಿದಳು. ಮೂವತ್ತೊಂದರ ಗೆರೆ, ಅದಕ್ಕಿಂತ ಒಂದು ಕೂದಲೆಳೆಯಷ್ಟು ಕಡಿಮೆಯೇ.

"ಎಷ್ಟು ಬಂತು?"

"ಮೂವತ್ತೆಂಟು," ಎಂದಳು.

"ಮತ್ತೆ! ಅದೂ ಅಂಗಿ ಮೇಲೆ," ಎಂದು ತಾತ ಗದ್ದ ಮೇಲೆತ್ತಿ, ನಡುಗುವ ಬೆರಳುಗಳಿಂದ ಕೊರಳಿನ ಗುಂಡಿಯನ್ನು ಬಿಚ್ಚತೊಡಗಿದರು.